ಗುಜರಿ ಮೋಟಾರಿಗೆ ಎರಡನೇ ಕೆಲಸ

ಜೂನ್ ಕೊನೆಯ ಹೊತ್ತಿಗೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನ ವಸತಿ ಬೀದಿಗಳಲ್ಲಿ ಮನೆ ಖಾಲಿ ಮಾಡುವವರ ಸಾಮಾನು ಹೊರಗೆ ಬೀಳತೊಡಗುತ್ತದೆ. ಮಕ್ಕಳ ಶಾಲೆಗೆ ರಜೆ ಬಂದಿರುತ್ತದೆ, ಕೆಲವರ ಕೆಲಸದ ಒಪ್ಪಂದ ಮುಗಿದಿರುತ್ತದೆ, ಊರಿಗೆ ಕಾರ್ಗೋ ಹಾಕೋಣವೆಂದರೆ ವಸ್ತುವಿನ ಬೆಲೆಗಿಂತ ಸಾಗಣೆಯ ಖರ್ಚೇ ಹೆಚ್ಚು. ಸೋಫಾ, ಮಂಚಗಳ ಜೊತೆಗೆ ವಾಷಿಂಗ್ ಮೆಷಿನ್, ಟ್ರೆಡ್‌ಮಿಲ್, ವ್ಯಾಕ್ಯೂಮ್ ಕ್ಲೀನರ್, ಹಳೇ ಎ.ಸಿ. ಎಲ್ಲವೂ ಅಗ್ಗಕ್ಕೋ ಪುಕ್ಕಟೆಗೋ ಕೈ ಬದಲಾಯಿಸುತ್ತವೆ. ಉಳಿದದ್ದನ್ನು ಪಿಕಪ್ ಗಾಡಿಯವರು ತೂಕಕ್ಕೆ ಒಯ್ಯುತ್ತಾರೆ. ಆ ತೂಕದಲ್ಲಿ ಮೋಟಾರ್ ಎಂದರೆ ಇಷ್ಟು ಕಬ್ಬಿಣ, ಇಷ್ಟು ತಾಮ್ರ. ಚೆನ್ನಾಗಿ ಓಡುವ ಮೋಟಾರಿಗೂ ಸುಟ್ಟು ಕರಕಲಾದದ್ದಕ್ಕೂ ಅಲ್ಲಿ ಒಂದೇ ದರ.

ಇವುಗಳನ್ನು ಮನೆಯ ವರ್ಕ್‌ಶಾಪಿನ ಲೇತ್‌ಗೆ, ಡ್ರಿಲ್ಲಿಂಗ್ ಮೆಷಿನ್‌ಗೆ, ಬೆಲ್ಟ್ ಗ್ರೈಂಡರ್‌ಗೆ, ಮಡಕೆ ಮಾಡುವ ಚಕ್ರಕ್ಕೆ ಹಾಕಬಹುದೇ? ಧಾರಾಳವಾಗಿ ಹಾಕಬಹುದು, ಎಷ್ಟೋ ದೇಶಗಳ ಹವ್ಯಾಸಿಗಳು ಹಾಕುತ್ತಲೇ ಇದ್ದಾರೆ. ಯಾವ ಮೋಟಾರನ್ನು ಯಾವ ಯಂತ್ರಕ್ಕೆ, ಯಾವ ಕಂಟ್ರೋಲರ್ ಜೊತೆ ಎಂಬಲ್ಲಿ ಮಾತ್ರ ಗೊಂದಲ ಬಹಳ. ಎಲ್ಲರೂ ಮೊದಲು ಕೇಳುವುದು ‘ಎಷ್ಟು ಹೆಚ್.ಪಿ.?’ ಎಂದು. ನನ್ನ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಈ ಮೋಟಾರ್ ಇಲ್ಲಿಯವರೆಗೆ ಏನು ಕೆಲಸ ಮಾಡಿಕೊಂಡಿತ್ತು, ಒಂದೇ ಸಮನೆ ಎಷ್ಟು ಹೊತ್ತು ಓಡುತ್ತಿತ್ತು, ಅದಕ್ಕೆ ಗಾಳಿ ಎಲ್ಲಿಂದ ಬರುತ್ತಿತ್ತು, ಯಾವ ಬೋರ್ಡ್ ಅದನ್ನು ಓಡಿಸುತ್ತಿತ್ತು ಎಂಬುದನ್ನು ಮೊದಲು ತಿಳಿಯಬೇಕು. ಹಳೆಯ ಕೆಲಸಕ್ಕೆ ಹತ್ತಿರದ ಹೊಸ ಕೆಲಸ ಕೊಟ್ಟರೆ ಗುಜರಿ ಮೋಟಾರ್ ವರ್ಷಗಟ್ಟಲೆ ದುಡಿಯುತ್ತದೆ. ದೂರದ ಕೆಲಸಕ್ಕೆ ಹಚ್ಚಿದರೆ ಬೇಗನೆ ಹೊಗೆ ಕಾಣುತ್ತದೆ.

ಇಂಥ ಮೋಟಾರ್‌ಗಳು ಸಿಗುವ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್ 1997ರಲ್ಲಿ ಆರಂಭವಾದದ್ದು, ಸುಮಾರು 2,300 ಹೆಕ್ಟೇರ್ ವಿಸ್ತಾರದ್ದು. ಪಕ್ಕದಲ್ಲಿ ಶೇಖ್ ಮೊಹಮ್ಮದ್ ಬಿನ್ ಝಾಯೆದ್ ರಸ್ತೆ. ಅದೇ ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ಶಾರ್ಜಾ, ಅಲ್ಲಿನ ಇಂಡಸ್ಟ್ರಿಯಲ್ ಏರಿಯಾಗಳಲ್ಲಿ ಹಳೇ ಕಾರುಗಳ ಬಿಡಿಭಾಗದ ದೊಡ್ಡ ಮಾರುಕಟ್ಟೆ. ಪಾರ್ಕಿನ ಎಲ್ಲೆಯೊಳಗೆ ಕಾರ್ಖಾನೆ, ಗೋದಾಮು, ಕಾರ್ಮಿಕರ ಕ್ಯಾಂಪ್, ಗ್ರೀನ್ ಕಮ್ಯುನಿಟಿಯಂಥ ವಿಲ್ಲಾ ಬಡಾವಣೆ ಎಲ್ಲವೂ ಇವೆ. ನಮ್ಮ ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಬಂದ ಐಟಿಐ ಫಿಟ್ಟರ್‌ಗಳು, ಎಲೆಕ್ಟ್ರಿಷಿಯನ್‌ಗಳು ಈ ದೇಶದ ಕ್ಯಾಂಪ್‌ಗಳಲ್ಲಿ ಬಹಳ ಮಂದಿ. ಮೋಟಾರ್ ಬಿಚ್ಚಿ ಬೇರಿಂಗ್ ಕೂರಿಸುವುದು ಅವರಿಗೆ ದಿನನಿತ್ಯದ ಕೆಲಸ. ಒಂದೇ ಕೋಣೆಯನ್ನು ಹಲವರು ಹಂಚಿಕೊಂಡಿರುವಲ್ಲಿ ಒಂದು ವೈಸ್ ಬಿಗಿಯಲು ಜಾಗವೆಲ್ಲಿದೆ? ವಿಲ್ಲಾಗಳಲ್ಲಿ ಗ್ಯಾರೇಜ್ ಇದೆ, ಅಲ್ಲಿ ಆ ಕೈಕೆಲಸ ಬಲ್ಲವರು ಕಡಿಮೆ. ದುಬೈ, ಶಾರ್ಜಾಗಳ ಕರ್ನಾಟಕ ಸಂಘಗಳು ರಾಜ್ಯೋತ್ಸವಕ್ಕೆ ತೋರುವ ಉತ್ಸಾಹದಲ್ಲೇ, ಒಂದು ಭಾನುವಾರ ಕೆಟ್ಟ ವಾಷಿಂಗ್ ಮೆಷಿನ್ ನಡುವೆ ಇಟ್ಟುಕೊಂಡು ಈ ಇಬ್ಬರನ್ನೂ ಒಂದೇ ಮೇಜಿಗೆ ಕರೆಯಬೇಕು ಎಂಬುದು ನನ್ನ ಬಹುದಿನದ ಆಸೆ.

ನಮ್ಮ ನಾಡಿನಲ್ಲಿ ಈ ಮರುಬಳಕೆ ಹಳೆಯದು. ಬೆಂಗಳೂರಿನ ಗುಜರಿ ಅಂಗಡಿಗಳಲ್ಲಿ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆಯ ಮೋಟಾರ್‌ಗಳಿಗೆ ಇವತ್ತಿಗೂ ಗಿರಾಕಿ ಇದ್ದಾರೆ. ಜರ್ಮನಿಯ ಎಇಜಿ ಕಂಪನಿಯ ಸಹಯೋಗದಲ್ಲಿ ನಡೆದ ಕಾರ್ಖಾನೆ ಅದು. ಮೂರು ಫೇಸ್‌ನ ಇಂಡಕ್ಷನ್ ಮೋಟಾರಿಗೆ ಇವತ್ತಿನ ರೂಪ ಕೊಟ್ಟ ಡೊಲಿವೊ-ಡೊಬ್ರೊವೊಲ್‌ಸ್ಕಿ 1889ರಲ್ಲಿ ಕೆಲಸಕ್ಕಿದ್ದದ್ದು ಅದೇ ಎಇಜಿಯಲ್ಲಿ. ಕಾರ್ಖಾನೆ ಮುಚ್ಚಿ ಎರಡು ದಶಕ ಕಳೆದರೂ ಅದರ ಎರಕದ ಮೈಯ ಮೋಟಾರಿಗೆ ಬೇರಿಂಗ್ ಬದಲಿಸಿ ವೈಂಡಿಂಗ್ ಕಟ್ಟಿಸಿದರೆ ಮತ್ತೆ ಓಡುತ್ತದೆ. 1946ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್‌ನ ಹಳೇ ಮೋಟಾರ್‌ಗಳ ಮಾತೂ ಇದೇ. ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್‌ನ ಲೇತ್‌ಗಳು ಎಷ್ಟೋ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಮೂಲದ್ದಲ್ಲದ ಮೋಟಾರಿನಿಂದಲೇ ನಡೆಯುತ್ತಿವೆ. ಪುತ್ತೂರಿನಿಂದ 1988ರಿಂದ ಹೊರಬರುತ್ತಿರುವ ‘ಅಡಿಕೆ ಪತ್ರಿಕೆ’ಯನ್ನು ಓದುತ್ತ ಬಂದವರಿಗೆ ರೈತರು ತಾವೇ ಮಾಡಿಕೊಂಡ ಯಂತ್ರಗಳು ಅಪರಿಚಿತವಲ್ಲ. ತಾಲ್ಲೂಕು ಕೇಂದ್ರಗಳಲ್ಲೆಲ್ಲ ರಿವೈಂಡಿಂಗ್ ಅಂಗಡಿಗಳಿವೆ. ಪಂಪ್‌ಸೆಟ್ ಸುಟ್ಟುಕೊಂಡ ರೈತ ಮೊದಲು ಓಡುವುದೇ ಅಲ್ಲಿಗೆ.

ಆದರೆ ಆ ಪರಂಪರೆಯ ಮೋಟಾರಿಗೆ ಮಿದುಳು ಇರಲಿಲ್ಲ. ಒಂದು ಸ್ಟಾರ್ಟರ್, ಹೆಚ್ಚೆಂದರೆ ಒಂದು ಕೆಪಾಸಿಟರ್. ವೇಗ ಬದಲಾಗಬೇಕಾದರೆ ಪುಲ್ಲಿ ಬದಲಿಸಬೇಕು. ಕೊಲ್ಲಿಯ ಮನೆಗಳಿಂದ ಹೊರಬೀಳುವ ಮೋಟಾರ್‌ಗಳ ಜಾತಿ ಬೇರೆ. ಅವುಗಳ ಜೊತೆ ಒಂದೊಂದು ಎಲೆಕ್ಟ್ರಾನಿಕ್ ಬೋರ್ಡ್ ಅಂಟಿಕೊಂಡಿರುತ್ತದೆ, ಕೆಲವು ಅದಿಲ್ಲದೆ ಒಂದು ಸುತ್ತೂ ತಿರುಗುವುದಿಲ್ಲ.

ಮೊದಲು ಸಿಗುವುದು ಹಳೇ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್‌ನ ಯೂನಿವರ್ಸಲ್ ಮೋಟಾರ್. ಕಾರ್ಬನ್ ಬ್ರಷ್, ಕಮ್ಯೂಟೇಟರ್ ಇರುವ ಈ ಮೋಟಾರ್ ಎ.ಸಿ., ಡಿ.ಸಿ. ಎರಡರಲ್ಲೂ ಓಡುತ್ತದೆ. ಹೊರಗೆ ಬಂದಿರುವ ಕನೆಕ್ಟರ್‌ನಲ್ಲಿ ಆರರಿಂದ ಹತ್ತು ಪಿನ್. ಗಾಬರಿಯಾಗಬೇಕಿಲ್ಲ, ಮಲ್ಟಿಮೀಟರ್ ಹಿಡಿದು ಜೋಡಿ ಜೋಡಿಯಾಗಿ ನೋಡಿದರೆ ಎಲ್ಲ ತಿಳಿಯುತ್ತದೆ. ಹತ್ತಾರರಿಂದ ನೂರಾರು ಓಮ್ ತೋರಿಸುವ ಜೋಡಿ ವೇಗ ಅಳೆಯುವ ಟ್ಯಾಕೋ ಕಾಯಿಲ್‌ನದು. ಶಾಫ್ಟನ್ನು ಬೆರಳಿನಿಂದ ತಿರುಗಿಸಿದಾಗ ಮೀಟರ್‌ನ ಅಂಕೆ ಕುಣಿಯುವ ಜೋಡಿ ಬ್ರಷ್‌ಗಳದು. ಒಂದೆರಡು ಓಮ್‌ನಲ್ಲಿ ಅಲುಗಾಡದೆ ನಿಲ್ಲುವುದು ಸ್ಟೇಟರ್ ಕಾಯಿಲ್, ಅದರಲ್ಲಿ ಕೆಲವೊಮ್ಮೆ ಮಧ್ಯದಿಂದ ಮೂರನೇ ತಂತಿ ಬಂದಿರುತ್ತದೆ. ಸೊನ್ನೆ ತೋರಿಸುವ ಜೋಡಿಯೊಂದಿದ್ದರೆ ಅದು ಬಿಸಿಯಾದಾಗ ಕಡಿದುಕೊಳ್ಳುವ ಥರ್ಮಲ್ ಪ್ರೊಟೆಕ್ಟರ್. ಸ್ಟೇಟರ್‌ನ ಒಂದು ತುದಿಯನ್ನು ಒಂದು ಬ್ರಷ್‌ಗೆ ಸೇರಿಸಿ, ಉಳಿದೆರಡು ತುದಿಗೆ ಕಾರಿನ 12 ವೋಲ್ಟ್ ಬ್ಯಾಟರಿ ಕೊಟ್ಟರೆ ಮೋಟಾರ್ ನಿಧಾನವಾಗಿ ತಿರುಗುತ್ತದೆ. ಬ್ರಷ್‌ನ ತಂತಿಗಳನ್ನು ಅದಲುಬದಲು ಮಾಡಿದರೆ ಎದುರು ದಿಕ್ಕಿಗೆ. ಇಷ್ಟು ಪರೀಕ್ಷೆಗೆ ಗೋಡೆಯ ಸಾಕೆಟ್ ಮುಟ್ಟುವ ಅಗತ್ಯವೇ ಇಲ್ಲ.

ಸಾಕೆಟ್‌ಗೆ ನೇರವಾಗಿ ಸಿಕ್ಕಿಸಿದರೆ ಏನಾಗುತ್ತದೆಂಬುದನ್ನು ಎಲ್ಲರೂ ತಿಳಿದಿರಲೇಬೇಕು. ಸೀರೀಸ್ ವೈಂಡಿಂಗ್‌ನ ಈ ಮೋಟಾರಿಗೆ ಹೊರೆ ಇಲ್ಲದಿದ್ದರೆ ವೇಗಕ್ಕೆ ಮಿತಿ ಇಲ್ಲ. ಮೆಷಿನ್‌ನೊಳಗೆ ಡ್ರಮ್ ನಿಮಿಷಕ್ಕೆ 1,200 ಸುತ್ತು ಹಿಂಡುವಾಗ, ಸುಮಾರು 12ಕ್ಕೆ 1ರ ಬೆಲ್ಟ್ ಅನುಪಾತದಿಂದಾಗಿ ಮೋಟಾರ್ 14,000 ದಾಟಿ ತಿರುಗುತ್ತಿರುತ್ತದೆ. ಆ ಮಿತಿಯನ್ನು ಕಾಯುತ್ತಿದ್ದದ್ದು ಬೋರ್ಡ್. ಬೋರ್ಡ್ ಕಿತ್ತ ಮೇಲೆ ಕಾಯುವವರಿಲ್ಲ. ಇದರ ಶಾಫ್ಟಿಗೆ ಗ್ರೈಂಡಿಂಗ್ ಕಲ್ಲು ಸಿಕ್ಕಿಸುವವರನ್ನು ಕಂಡರೆ ನನಗೆ ನಿಜಕ್ಕೂ ಭಯ. 150 ಮಿಲಿಮೀಟರ್ ವ್ಯಾಸದ ಕಲ್ಲಿನ ಅಂಚಿನ ವೇಗ ಸೆಕೆಂಡಿಗೆ 35 ಮೀಟರ್ ಮೀರಬಾರದು ಎಂದಿದ್ದರೆ, ಅದು ನಿಮಿಷಕ್ಕೆ ಸುಮಾರು 4,450 ಸುತ್ತಿನಲ್ಲೇ ಆ ಮಿತಿ ಮುಟ್ಟುತ್ತದೆ. 12,000ದಲ್ಲಿ ಆ ಕಲ್ಲು ಚೂರಾಗಿ ಸಿಡಿಯಬಹುದು, ಚೂರುಗಳು ಹಾರುವ ದಾರಿಯಲ್ಲಿ ನಿಂತವನ ಮುಖವಿರುತ್ತದೆ.

ಈ ಮೋಟಾರನ್ನು ಹದ್ದಿನಲ್ಲಿಡುವ ದಾರಿ ಹವ್ಯಾಸಿಗಳಿಗೆ ಚೆನ್ನಾಗಿ ಗೊತ್ತಿದೆ. ಟಿಡಿಎ1085 ಎಂಬ ಚಿಪ್ ಇಂಥ ಮೋಟಾರ್‌ಗಳಿಗೆಂದೇ ಬಂದದ್ದು. ಟ್ಯಾಕೋ ಕಾಯಿಲ್‌ನ ಸಂಕೇತ ಓದಿ, ಟ್ರಯಾಕ್ ಮೂಲಕ ಕರೆಂಟ್ ಹೆಚ್ಚುಕಡಿಮೆ ಮಾಡಿ, ಹೊರೆ ಬಿದ್ದರೂ ವೇಗ ಕುಸಿಯದಂತೆ ಹಿಡಿಯುತ್ತದೆ. ಅದನ್ನೇ ಬಳಸಿದ ಸಣ್ಣ ಬೋರ್ಡ್‌ಗಳು ಅಗ್ಗಕ್ಕೆ ಸಿಗುತ್ತವೆ. ಬರಿಯ ಫ್ಯಾನ್ ರೆಗ್ಯುಲೇಟರ್‌ನಂಥ ಡಿಮ್ಮರ್ ಹಾಕಿದರೆ ಟ್ಯಾಕೋ ಇದ್ದೂ ಇಲ್ಲದಂತೆ. ಇನ್ನೊಂದು ಮಾತು: ಮೋಟಾರ್ ಕಳಚುವವರು ಡ್ರಮ್‌ನ ಹಿಂದಿನ ದೊಡ್ಡ ಅಲ್ಯೂಮಿನಿಯಂ ಪುಲ್ಲಿಯನ್ನೂ ಸಣ್ಣ ಗೆರೆಗಳಿರುವ ಬೆಲ್ಟನ್ನೂ ಬಿಟ್ಟು ಬರುತ್ತಾರೆ. ಮೂರನ್ನೂ ಒಟ್ಟಿಗೆ ತಂದರೆ 12ಕ್ಕೆ 1ರ ವೇಗತಗ್ಗು ವ್ಯವಸ್ಥೆ ಸಿದ್ಧವಾಗಿಯೇ ಸಿಕ್ಕಂತೆ. ಮರದ ಸಣ್ಣ ಲೇತ್‌ಗೆ, ಡ್ರಿಲ್‌ಗೆ ಅದು ಹೇಳಿ ಮಾಡಿಸಿದ ಜೋಡಿ. ಮೆಟಲ್ ಗ್ರೈಂಡಿಂಗ್‌ಗೆ ಮಾತ್ರ ಬೇಡ. ಇದರ ಮೈ ತೆರೆದದ್ದು, ಕಬ್ಬಿಣದ ಹುಡಿ ಒಳಹೊಕ್ಕು ಕಮ್ಯೂಟೇಟರ್ ಮೇಲೆ ಕೂತರೆ ಶಾರ್ಟ್ ಆಗುತ್ತದೆ. ಮರದ ಹುಡಿಯ ರಾಶಿಯ ನಡುವೆ ಬ್ರಷ್‌ನ ಕಿಡಿಯೂ ಒಳ್ಳೆಯದಲ್ಲ.

ಮಿಕ್ಸಿಯ ಮೋಟಾರ್ ಕೂಡ ಇದೇ ಕುಲದ್ದು. ನಮ್ಮವರು ಊರಿಂದ ಹೊತ್ತು ತರುವ ಮಿಕ್ಸಿಯ ತಳದಲ್ಲಿ ‘30 ನಿಮಿಷ’ ಎಂಬ ರೇಟಿಂಗ್ ಇರುತ್ತದೆ, ಅದೂ ನಡುನಡುವೆ ಬಿಡುವು ಕೊಟ್ಟು ಓಡಿಸಿದರೆ. ಚಟ್ನಿ ಅರೆಯುವುದಕ್ಕೆ ಹುಟ್ಟಿದ್ದನ್ನು ದಿನವಿಡೀ ಸ್ಯಾಂಡಿಂಗ್‌ಗೆ ಹಚ್ಚಬಾರದು. ಇದರ ಬಗ್ಗೆ ಇಷ್ಟು ಸಾಕು.

ಟ್ರೆಡ್‌ಮಿಲ್‌ನ ಮೋಟಾರ್ ಮನೆಯ ವರ್ಕ್‌ಶಾಪ್‌ನವರ ಕಣ್ಮಣಿ. ಶಾಶ್ವತ ಆಯಸ್ಕಾಂತದ ಡಿ.ಸಿ. ಮೋಟಾರ್, ಕಡಿಮೆ ವೇಗದಲ್ಲೂ ಒಳ್ಳೆಯ ಎಳೆತ, ಒಂದು ಗುಂಡಿ ತಿರುಗಿಸಿ ವೇಗ ಬದಲಿಸಬಹುದು. ಅಮೆರಿಕದ ಟ್ರೆಡ್‌ಮಿಲ್‌ಗಳ ಹಳೇ ಎಂಸಿ-60 ಬೋರ್ಡ್ ಇಷ್ಟು ಜನಪ್ರಿಯವಾಗಲು ಕಾರಣವೇ ಅದರ ಸರಳತೆ: ಮೂರು ಪಿನ್‌ಗೆ ಒಂದು ಪೊಟೆನ್ಷಿಯೋಮೀಟರ್ ಬೆಸೆದರೆ ಕೆಲಸ ಮುಗಿಯಿತು. ನಂತರ ಬಂದ ಎಂಸಿ-2100 ಹಾಗಲ್ಲ, ಅದಕ್ಕೆ ಸುಮಾರು 20 ಹರ್ಟ್ಸ್‌ನ ಪಲ್ಸ್ ಕೊಡಬೇಕು, ಅಂದರೆ ಒಂದು ಸಣ್ಣ ಮೈಕ್ರೊಕಂಟ್ರೋಲರ್ ಬೇಕು. ಇವೆರಡೂ 120 ವೋಲ್ಟ್‌ನ ಲೋಕದವು. ಎಮಿರೇಟ್ಸ್‌ನಲ್ಲಿ ಸಿಗುವವು ಹೆಚ್ಚಾಗಿ 230 ವೋಲ್ಟ್‌ನವು, ಅವುಗಳ ಮೋಟಾರಿನ ವೋಲ್ಟೇಜ್ ಬೇರೆ. ಮೋಟಾರನ್ನೂ ಅದರದೇ ಬೋರ್ಡನ್ನೂ ಜೊತೆಯಾಗಿ ಎತ್ತಿಕೊಳ್ಳುವುದೇ ಜಾಣತನ. ಈ ಬೋರ್ಡ್‌ಗಳಲ್ಲಿ ಬಹುಪಾಲಿಗೆ ಐಸೊಲೇಷನ್ ಇಲ್ಲ. ತಿರುಗಿಸುವ ಪೊಟೆನ್ಷಿಯೋಮೀಟರ್ ಕೂಡ ಮೈನ್ಸ್‌ನ ವೋಲ್ಟೇಜಿನಲ್ಲೇ ಇರುತ್ತದೆ. ಪ್ಲಾಸ್ಟಿಕ್ ಗುಂಡಿ ಕಡ್ಡಾಯ, ಲ್ಯಾಪ್‌ಟಾಪ್‌ನ ಯುಎಸ್‌ಬಿ ಕೇಬಲ್ ಹತ್ತಿರ ಸುಳಿಯಕೂಡದು.

ಟ್ರೆಡ್‌ಮಿಲ್‌ನ ಹೆಚ್.ಪಿ. ಲೆಕ್ಕವನ್ನು ನಂಬಬೇಡಿ. ಮೈಮೇಲೆ ‘3 ಹೆಚ್.ಪಿ.’ ಎಂಬ ದೊಡ್ಡ ಸ್ಟಿಕ್ಕರ್, ಹಿಂದಿನ ರೇಟಿಂಗ್ ಪ್ಲೇಟಿನಲ್ಲಿ 750 ವ್ಯಾಟ್ ಎಂದಿದ್ದರೆ ಎರಡನೆಯದೇ ಸತ್ಯ. ಒಂದು ಹೆಚ್.ಪಿ. ಎಂದರೆ 746 ವ್ಯಾಟ್, ಹಾಗಾಗಿ ಅದು ಒಂದು ಹೆಚ್.ಪಿ.ಯ ಯಂತ್ರ. ಅಷ್ಟೂ ಶಕ್ತಿ ಸಿಗುವುದು ಮೋಟಾರ್ ನಾಲ್ಕೈದು ಸಾವಿರ ಸುತ್ತಿನಲ್ಲಿರುವಾಗ. ಅದನ್ನೇ 500ಕ್ಕೆ ಇಳಿಸಿ ಲೇತ್‌ಗೆ ನೇರವಾಗಿ ಜೋಡಿಸಿದರೆ ಸಿಗುವ ಶಕ್ತಿ ಹತ್ತನೇ ಒಂದು ಪಾಲು. ಜೊತೆಗೆ ಅದರ ಫ್ಯಾನ್ ಕೂಡ ನಿಧಾನವಾಗಿ, ಒಳಗಿನ ಬಿಸಿ ಹೊರಹೋಗುವುದಿಲ್ಲ. ಪುಲ್ಲಿಯಿಂದ ವೇಗ ತಗ್ಗಿಸಿ, ಮೋಟಾರನ್ನು ಅದರ ಸಹಜ ವೇಗದ ಹತ್ತಿರವೇ ಓಡಲು ಬಿಡಬೇಕು. ಕಳಚುವಾಗ ಫ್ಲೈವೀಲ್‌ಗೆ ಎಡಸುತ್ತಿನ ಥ್ರೆಡ್ ಇರಬಹುದೆಂಬುದು ನೆನಪಿರಲಿ. ಎಷ್ಟು ಬಲ ಹಾಕಿದರೂ ಬಿಚ್ಚಿಕೊಳ್ಳದಿದ್ದರೆ ಎದುರು ದಿಕ್ಕಿಗೆ ತಿರುಗಿಸಿ ನೋಡಿ.

ನನ್ನ ಆಯ್ಕೆ ಕೇಳಿದರೆ ಇವೆರಡಕ್ಕಿಂತ ಮೇಲೆ ಮೂರು ಫೇಸ್‌ನ ಇಂಡಕ್ಷನ್ ಮೋಟಾರ್ ಮತ್ತು ಅದನ್ನು ಓಡಿಸುವ ವಿ.ಎಫ್.ಡಿ. ಡ್ರೈವ್. ಕಾರ್ಖಾನೆಗಳು ಕನ್ವೇಯರ್, ಎಕ್ಸಾಸ್ಟ್ ಫ್ಯಾನ್, ಪ್ಯಾಕಿಂಗ್ ಲೈನ್ ಬದಲಿಸಿದಾಗ ಹೊರಬರುವ ಮೋಟಾರ್‌ಗಳು ಇವು. ಮೈ ಪೂರ್ತಿ ಮುಚ್ಚಿದ್ದು, ಧೂಳು ಒಳಹೋಗದು, ಬ್ರಷ್ ಇಲ್ಲ, ದಿನವಿಡೀ ಓಡುವುದಕ್ಕೆಂದೇ ಮಾಡಿದ್ದು. ಬೆಲ್ಟ್ ಗ್ರೈಂಡರ್‌ಗೆ, ಲೋಹದ ಲೇತ್‌ಗೆ ಇದಕ್ಕಿಂತ ಒಳ್ಳೆಯದನ್ನು ಕಾಣೆ. ಮನೆಯ ಸಾಕೆಟ್ ಒಂದೇ ಫೇಸ್‌ನದು ಎಂಬ ತೊಡಕನ್ನು ಡ್ರೈವ್ ಬಿಡಿಸುತ್ತದೆ: 230 ವೋಲ್ಟ್ ಒಂದು ಫೇಸ್ ಒಳಗೆ, 230 ವೋಲ್ಟ್ ಮೂರು ಫೇಸ್ ಹೊರಗೆ, ಜೊತೆಗೆ ಬೇಕಾದ ವೇಗ.

ಇಲ್ಲಿ ಟರ್ಮಿನಲ್ ಬಾಕ್ಸ್‌ನ ಮುಚ್ಚಳ ತೆಗೆದು ನೋಡಲೇಬೇಕು. ಪ್ಲೇಟಿನಲ್ಲಿ 230/400 ಎಂದಿದ್ದರೆ, ಒಳಗೆ ಎರಡು ಸಾಲಿನಲ್ಲಿ ಆರು ಬೋಲ್ಟ್: ಮೇಲೆ ಯು1, ವಿ1, ಡಬ್ಲ್ಯು1. ಕೆಳಗೆ ಡಬ್ಲ್ಯು2, ಯು2, ವಿ2. ಕಾರ್ಖಾನೆಯಲ್ಲಿ 400 ವೋಲ್ಟ್‌ಗೆ ಓಡುತ್ತಿದ್ದಾಗ ಹಿತ್ತಾಳೆಯ ಪಟ್ಟಿಗಳು ಕೆಳಗಿನ ಮೂರು ಬೋಲ್ಟ್‌ಗಳನ್ನು ಅಡ್ಡಲಾಗಿ ಸೇರಿಸಿರುತ್ತವೆ, ಅದು ಸ್ಟಾರ್. ಮನೆಯ ಡ್ರೈವ್‌ಗೆ ಅದನ್ನು ಡೆಲ್ಟಾ ಮಾಡಬೇಕು. ಪಟ್ಟಿಗಳನ್ನು ಕಳಚಿ ಮೇಲಿನ ಒಂದೊಂದು ಬೋಲ್ಟನ್ನು ಅದರ ನೇರ ಕೆಳಗಿನದಕ್ಕೆ ಉದ್ದುದ್ದವಾಗಿ ಜೋಡಿಸಿದರೆ ಆಯಿತು. ಇದನ್ನು ಮಾಡದೆ ಸ್ಟಾರ್‌ನಲ್ಲೇ 230 ಕೊಟ್ಟವರು ‘ಮೋಟಾರಿಗೆ ಶಕ್ತಿಯೇ ಇಲ್ಲ’ ಎಂದು ಅದನ್ನು ಮತ್ತೆ ಗುಜರಿಗೆ ಕೊಟ್ಟುಬಿಡುತ್ತಾರೆ. ನಮ್ಮೂರಿನ ಹಳೇ ಸಣ್ಣ ಮೋಟಾರ್‌ಗಳಲ್ಲಿ 415 ವೋಲ್ಟ್ ಸ್ಟಾರ್ ಎಂದಷ್ಟೇ ಬರೆದು ಮೂರೇ ತಂತಿ ಹೊರಗೆ ಬಿಟ್ಟಿರುತ್ತಾರೆ. ಸ್ಟಾರ್‌ನ ಗಂಟು ವೈಂಡಿಂಗ್‌ನೊಳಗೆ ವಾರ್ನಿಶ್ ಕೆಳಗೆ ಹೂತಿರುತ್ತದೆ. ಅನುಭವಿ ರಿವೈಂಡರ್ ಒಬ್ಬ ಆ ಗಂಟು ಬಿಚ್ಚಿ ಮೂರು ತುದಿಗಳನ್ನು ಹೊರತೆಗೆದು ಕೊಡಬಲ್ಲ. ಪ್ಲೇಟಿನಲ್ಲಿ 400/690 ಎಂದಿದ್ದರೆ ಮನೆಗೆ ತರುವುದೇ ಬೇಡ, ಒಂದು ಫೇಸ್‌ನ ಸಾಮಾನ್ಯ ಡ್ರೈವ್‌ನಿಂದ ಅದಕ್ಕೆ ಬೇಕಾದಷ್ಟು ವೋಲ್ಟೇಜ್ ಹುಟ್ಟುವುದಿಲ್ಲ.

ಮೋಟಾರ್ ಹಳೆಯದಿರಲಿ, ಡ್ರೈವ್ ಹೊಸದಿರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರ್ಖಾನೆಗಳಿಂದ ಹೊರಬರುವ ಡ್ರೈವ್‌ಗಳು ಬಹುತೇಕ 400 ವೋಲ್ಟ್ ಮೂರು ಫೇಸ್‌ನವು, ಮನೆಯ ಸಾಕೆಟ್‌ಗೆ ಒಗ್ಗುವುದಿಲ್ಲ. ಒಗ್ಗುವಂಥದ್ದು ಸಿಕ್ಕರೂ ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದರೆ ಅದರ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಸತ್ವ ಕಳೆದುಕೊಂಡಿರುತ್ತವೆ. ಒಮ್ಮೆಲೇ ಪೂರ್ಣ ವೋಲ್ಟೇಜ್ ಕೊಟ್ಟರೆ ಸಿಡಿಯುವುದೂ ಉಂಟು. ವೇರಿಯಾಕ್‌ನಿಂದ ಗಂಟೆಗಳ ಕಾಲ ಸ್ವಲ್ಪ ಸ್ವಲ್ಪವಾಗಿ ಏರಿಸಬೇಕು. ಡ್ರೈವ್ ಆರಿಸಿದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್‌ಗೂ ಹೆಚ್ಚು ಡಿ.ಸಿ. ಕೂತಿರುತ್ತದೆ. ಹತ್ತು ನಿಮಿಷ ಕಾದು, ಮೀಟರ್‌ನಲ್ಲಿ ಅಳೆದು, ಆಮೇಲೆ ಕೈ ಹಾಕಬೇಕು. ಇನ್ನು ಗಾತ್ರದ ವಿಷಯ: 13 ಆಂಪಿಯರ್ ಪ್ಲಗ್‌ಗೆ 0.75 ಕಿಲೋವ್ಯಾಟ್ ಡ್ರೈವ್ ನೆಮ್ಮದಿಯದು. 2.2 ಕಿಲೋವ್ಯಾಟ್‌ನ ಡ್ರೈವ್ ಒಂದೇ ಫೇಸ್‌ನಿಂದ 20 ಆಂಪಿಯರ್‌ಗೂ ಮೀರಿ ಎಳೆಯುತ್ತದೆ, ಅದಕ್ಕೆ ಪ್ರತ್ಯೇಕ ವೈರಿಂಗ್ ಬೇಕು, ಪರವಾನಗಿ ಇದ್ದ ಎಲೆಕ್ಟ್ರಿಷಿಯನ್ ಬೇಕು. ಡ್ರೈವ್‌ನ ಫಿಲ್ಟರ್‌ನಿಂದ ಅರ್ತ್‌ಗೆ ಸೋರುವ ಕರೆಂಟಿಗೆ 30 ಮಿಲಿಆಂಪಿಯರ್‌ನ ಇ.ಎಲ್.ಸಿ.ಬಿ. ಕೆಲವೊಮ್ಮೆ ಬೀಳುತ್ತದೆ. ಆ ಸಿಟ್ಟಿಗೆ ಅರ್ತ್ ತಂತಿ ಕಡಿದುಹಾಕುವವರಿದ್ದಾರೆ. ದಯವಿಟ್ಟು ಬೇಡ. ಮೋಟಾರಿನ ಮೈಗೆ ಕರೆಂಟ್ ಬಂದ ದಿನ ಜೀವ ಉಳಿಸುವುದು ಆ ಒಂದು ತಂತಿ.

ಬೆಂಗಳೂರಿನಲ್ಲಿರುವವರಿಗೆ ಇನ್ನೊಂದು ಒಳ್ಳೆಯ ಮೂಲವಿದೆ, ಗಾರ್ಮೆಂಟ್ಸ್ ಕಾರ್ಖಾನೆಗಳು. ಹೊಲಿಗೆ ಯಂತ್ರದ ಕೆಳಗೆ ಸದಾ ಗುಂಯ್‌ಗುಡುತ್ತಿದ್ದ ಕ್ಲಚ್ ಮೋಟಾರ್‌ಗಳನ್ನು ಕಿತ್ತು ಸರ್ವೋ ಮೋಟಾರ್ ಹಾಕಿಸಿಕೊಂಡಾಗ ಹಳೆಯವು ಗುಜರಿಗೆ ಬಂದವು. ಈಗ ಸರ್ವೋಗಳೂ ಬರತೊಡಗಿವೆ. ಮೋಟಾರ್, ಕಂಟ್ರೋಲರ್, ಪೆಡಲ್ ಮೂರೂ ಒಟ್ಟಿಗೆ ಸಿಗುವ ಅಪರೂಪದ ಸೆಟ್ ಅದು. ಚಿಕ್ಕ ಲೇತ್‌ಗೋ ಕಾಯಿಲ್ ಸುತ್ತುವ ಯಂತ್ರಕ್ಕೋ ಹಾಗೆಯೇ ಬಿಗಿಯಬಹುದು. ಶಾರ್ಜಾದ ಕಾರ್ ಗುಜರಿಯಲ್ಲಿ ಸಿಗುವ ವೈಪರ್ ಮೋಟಾರ್, ಕಿಟಕಿ ಗಾಜು ಏರಿಸುವ ಮೋಟಾರ್‌ಗಳೂ ಹೀಗೆಯೇ. 12 ವೋಲ್ಟ್, ಒಳಗೇ ವರ್ಮ್ ಗೇರ್, ನಿಧಾನ, ಬಲ ಹೆಚ್ಚು. ಮಿಲ್ಲಿಂಗ್ ಟೇಬಲ್ ಸರಿಸಲು ಸೊಗಸು. ವೈಪರಿನದು ಸ್ವಲ್ಪ ಹೊತ್ತು ಓಡುತ್ತದೆ, ಕಿಟಕಿಯದು ಕೆಲವು ಸೆಕೆಂಡಿನ ಕೆಲಸಕ್ಕೆಂದೇ ಮಾಡಿದ್ದು.

ಎಮಿರೇಟ್ಸ್‌ನಲ್ಲಿ ಎಲ್ಲಕ್ಕಿಂತ ಹೇರಳವಾಗಿ ಸಿಗುವುದು ಎ.ಸಿ.ಯ ಮೋಟಾರ್. ಆಸೆ ಹುಟ್ಟಿಸುವುದೂ ಅದೇ, ಕೈಕೊಡುವುದೂ ಅದೇ. ಹೊರಾಂಗಣ ಘಟಕದ ಫ್ಯಾನ್ ಮೋಟಾರ್ ತನ್ನದೇ ರೆಕ್ಕೆ ಬೀಸುವ ಗಾಳಿಯಿಂದ ತಣ್ಣಗಿರುತ್ತದೆ. ರೆಕ್ಕೆ ಕಿತ್ತು ಪುಲ್ಲಿ ಹಾಕಿದರೆ ಅದರ ತಂಪೇ ಹೋಯಿತು. ಶಕ್ತಿಯೂ ಹೆಚ್ಚಿಲ್ಲ. ಕಂಪ್ರೆಸರ್‌ನೊಳಗಿನ ಮೋಟಾರ್ ಗ್ಯಾಸ್‌ನಿಂದಲೇ ತಣಿಯುವಂಥದ್ದು, ಡಬ್ಬಿ ಸೀಳಿ ಹೊರತೆಗೆದರೆ ವ್ಯರ್ಥ. ಗ್ಯಾಸನ್ನು ಗಾಳಿಗೆ ಬಿಡುವುದಂತೂ ಅಪರಾಧ. ಆರ್-22 ಓಝೋನ್ ಪದರಕ್ಕೆ ಕೇಡು, ಆರ್-32ಕ್ಕೆ ಬೆಂಕಿ ಹಿಡಿಯುವ ಗುಣವಿದೆ.

ಇನ್ನು ಸೆಖೆ. ಮೋಟಾರಿನ ಪ್ಲೇಟಿನಲ್ಲಿರುವ ಕಿಲೋವ್ಯಾಟ್, ಐಇಸಿ 60034-1 ಮಾನದಂಡದ ಪ್ರಕಾರ, ಸುತ್ತಲಿನ ಗಾಳಿ 40 ಡಿಗ್ರಿ ಮೀರದ ಕಡೆ, ಸಮುದ್ರಮಟ್ಟದಿಂದ 1,000 ಮೀಟರ್ ಒಳಗಿನ ಎತ್ತರದಲ್ಲಿ ಸಿಗುವಂಥದ್ದು. ಸುಮಾರು 900 ಮೀಟರ್ ಎತ್ತರದ ಬೆಂಗಳೂರು ಎರಡನ್ನೂ ಪೂರೈಸುತ್ತದೆ. ಜುಲೈ ತಿಂಗಳ ದುಬೈ ಗ್ಯಾರೇಜ್ ಮೊದಲನೆಯದನ್ನು ಬೆಳಗಿನಲ್ಲೇ ಮೀರಿರುತ್ತದೆ. ವೈಂಡಿಂಗ್ ಇನ್ಸುಲೇಷನ್ ಹತ್ತು ಡಿಗ್ರಿ ಹೆಚ್ಚು ಬಿಸಿಯಾದರೆ ಅದರ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ವೃತ್ತಿಯವರ ಹಳೇ ಲೆಕ್ಕ. ಇಲ್ಲಿನ ಸರ್ಕಾರ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಜನರಿಂದ ಕೆಲಸ ಮಾಡಿಸುವುದನ್ನು ನಿಷೇಧಿಸಿದೆ. ಗ್ಯಾರೇಜಿನ ಮೋಟಾರಿಗೂ ಅದೇ ನಿಯಮ ಪಾಲಿಸುವುದು ಒಳ್ಳೆಯದು. ಪ್ಲೇಟಿನಲ್ಲಿ ಇನ್ಸುಲೇಷನ್ ಕ್ಲಾಸ್ ನೋಡಿ: ಬಿ ಎಂದರೆ 130 ಡಿಗ್ರಿ, ಎಫ್ ಎಂದರೆ 155, ಹೆಚ್ ಎಂದರೆ 180. ಈ ಹವೆಗೆ ಎಫ್ ಇದ್ದರೆ ಲೇಸು. ಡ್ಯೂಟಿ ಎಸ್1 ಎಂದಿದ್ದರೆ ನಿರಂತರ, ಎಸ್2 ಮತ್ತು ಎಸ್3 ಎಂದರೆ ಬಿಡುವು ಬೇಕು.

ಅದೇ ಪ್ಲೇಟಿನಲ್ಲಿ ಹರ್ಟ್ಸ್ ಕೂಡ ನೋಡಬೇಕು. ಎಮಿರೇಟ್ಸ್‌ದೂ ಭಾರತದ್ದೂ 50 ಹರ್ಟ್ಸ್, ನೆರೆಯ ಸೌದಿ ಅರೇಬಿಯಾದ್ದು 60. ಹಳೇ ಸಾಮಾನು ಗಡಿ ದಾಟಿ ಬರುತ್ತಲೇ ಇರುತ್ತದೆ. 60 ಹರ್ಟ್ಸ್‌ನ ಇಂಡಕ್ಷನ್ ಮೋಟಾರ್ ಇಲ್ಲಿ ಆರನೇ ಒಂದು ಪಾಲು ನಿಧಾನವಾಗುತ್ತದೆ. 1,725 ಇದ್ದದ್ದು 1,440ರ ಆಸುಪಾಸಿಗೆ ಇಳಿಯುತ್ತದೆ. ಅದೇ ವೋಲ್ಟೇಜಿನಲ್ಲಿ ಕಬ್ಬಿಣದೊಳಗಿನ ಆಯಸ್ಕಾಂತೀಯ ಹರಿವು ಶೇ. 20ರಷ್ಟು ಹೆಚ್ಚಿ, ಹೊರೆಯಿಲ್ಲದೆಯೂ ಮೋಟಾರ್ ಕಾಯುತ್ತದೆ. ಸುಟ್ಟ ಮೇಲೆ ಎಲ್ಲರೂ ಬೈಯುವುದು ಮೋಟಾರನ್ನು.

ಹಳೇ ಮೋಟಾರ್ ಯಾವುದೇ ಇರಲಿ, ಮೊದಲ ಸಲ ಕರೆಂಟ್ ಕೊಡುವ ಮುನ್ನ 500 ವೋಲ್ಟ್‌ನ ಮೆಗ್ಗರ್‌ನಲ್ಲಿ ವೈಂಡಿಂಗ್‌ಗೂ ಮೈಗೂ ನಡುವೆ ಕನಿಷ್ಠ ಒಂದು ಮೆಗಾಓಮ್ ಇದೆಯೇ ಎಂದು ನೋಡಬೇಕು. ಆಮೇಲೆ ನಮ್ಮ ಎಲೆಕ್ಟ್ರಿಷಿಯನ್‌ಗಳ ಸೀರೀಸ್ ಲ್ಯಾಂಪ್: 100 ವ್ಯಾಟ್‌ನ ಫಿಲಮೆಂಟ್ ಬಲ್ಬನ್ನು ಸರಣಿಯಲ್ಲಿ ಹಾಕಿ ಸ್ವಿಚ್ ಒತ್ತಿದರೆ, ಒಳಗೆ ಶಾರ್ಟ್ ಇದ್ದಲ್ಲಿ ಬಲ್ಬ್ ಪೂರ್ತಿ ಉರಿಯುತ್ತದೆ, ಫ್ಯೂಸ್ ಹಾರುವುದಿಲ್ಲ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು, ಹಳೇ ಫಿಲಮೆಂಟ್ ಬಲ್ಬೊಂದನ್ನು ಜೋಪಾನ ಮಾಡಿಡಿ. ಯಂತ್ರಕ್ಕೆ ನೋ-ವೋಲ್ಟ್ ಸ್ವಿಚ್ ಹಾಕಿಸಿ. ಕರೆಂಟ್ ಹೋಗಿ ಬಂದಾಗ ಗರಗಸ ತಾನಾಗಿ ತಿರುಗತೊಡಗುವ ಅಪಾಯ ದುಬೈಗಿಂತ ಊರಿನಲ್ಲಿ ಎಷ್ಟೋ ಪಾಲು ಹೆಚ್ಚು.

ಈಗ ನನ್ನನ್ನು ಹೆಚ್ಚು ಕಾಡುವ ಸಂಗತಿಗೆ ಬರುತ್ತೇನೆ. ಮನೆಯ ಮೋಟಾರ್‌ಗಳು ವರ್ಷದಿಂದ ವರ್ಷಕ್ಕೆ ಉತ್ತಮವಾಗುತ್ತಿವೆ, ಅವುಗಳ ಎರಡನೇ ಕೆಲಸ ಅಷ್ಟೇ ಕಷ್ಟವಾಗುತ್ತಿದೆ. ಡ್ರಮ್‌ಗೆ ನೇರವಾಗಿ ಜೋಡಿಸಿದ, ಬ್ರಷ್ ಇಲ್ಲದ ಮೋಟಾರನ್ನು ನ್ಯೂಜಿಲೆಂಡ್‌ನ ಫಿಶರ್ ಆ್ಯಂಡ್ ಪೇಕೆಲ್ ಕಂಪನಿ 1991ರಲ್ಲೇ ಮಾರುಕಟ್ಟೆಗೆ ತಂದಿತು. ಅಲ್ಲಿನ ಹವ್ಯಾಸಿಗಳು ಅದನ್ನು ತೊರೆಯ ನೀರಿನಿಂದಲೂ ಗಾಳಿಯಿಂದಲೂ ವಿದ್ಯುತ್ ತೆಗೆಯುವ ಜನರೇಟರ್ ಮಾಡಿಕೊಂಡರು, ಮಲೆನಾಡಿನ ಹಳ್ಳದ ಬದಿಯ ಮನೆಗಳಿಗೂ ಒಪ್ಪುವ ಉಪಾಯ ಅದು. ಜನರೇಟರ್ ಆಗಲು ಕಂಟ್ರೋಲರ್‌ನ ಹಂಗಿಲ್ಲ. ಮೋಟಾರ್ ಆಗಿಯೇ ಓಡಿಸಬೇಕೆಂದರೆ ಮೂಲ ಬೋರ್ಡ್ ನೀರಿನ ಮಟ್ಟ ಕೇಳುತ್ತದೆ, ಬಾಗಿಲು ಮುಚ್ಚಿದೆಯೇ ಎಂದು ಕೇಳುತ್ತದೆ, ಉತ್ತರ ಸಿಗದಿದ್ದರೆ ಸುಮ್ಮನಾಗುತ್ತದೆ. ಬೇರೆ ಕಂಟ್ರೋಲರ್ ತರಬೇಕು. ಹೋವರ್‌ಬೋರ್ಡ್‌ಗಳದ್ದು ಬೇರೆ ಕಥೆ. 2015ರ ಡಿಸೆಂಬರ್‌ನಲ್ಲಿ ಬ್ಯಾಟರಿಯ ಭಯದಿಂದ ಎಮಿರೇಟ್ಸ್ ವಿಮಾನ ಸಂಸ್ಥೆ ಅವುಗಳನ್ನು ನಿಷೇಧಿಸಿತು, ಮಕ್ಕಳ ಹುಚ್ಚೂ ಇಳಿಯಿತು, ಮೂಲೆ ಸೇರಿದವುಗಳಲ್ಲಿ ತಲಾ ಎರಡು ಹಬ್ ಮೋಟಾರ್ ಉಳಿದವು. ಅವುಗಳ ಬೋರ್ಡ್‌ಗೆ ಹೊಸ ಸಾಫ್ಟ್‌ವೇರ್ ಬರೆದು ಉಚಿತವಾಗಿ ಹಂಚಿದ ಪುಣ್ಯಾತ್ಮರಿಂದಾಗಿ ಇಂದು ಅವು ತಳ್ಳುಗಾಡಿಗಳನ್ನೂ ಸಣ್ಣ ಯಂತ್ರಗಳನ್ನೂ ಓಡಿಸುತ್ತಿವೆ. ಚಿಪ್‌ನ ಬೀಗ ಅಳಿಸಿ ಬರೆಯಲು ಸಾಧ್ಯವಿದ್ದದ್ದೇ ಕಾರಣ. ಹೊಸ ಇನ್ವರ್ಟರ್ ಎ.ಸಿ.ಗಳ ಐದು ತಂತಿಯ ಫ್ಯಾನ್ ಮೋಟಾರ್ ಕೂಡ ಆಶಾದಾಯಕ. ಡ್ರೈವ್ ಅದರ ಹೊಟ್ಟೆಯೊಳಗೇ ಇದೆ. 310 ವೋಲ್ಟ್ ಡಿ.ಸಿ., 15 ವೋಲ್ಟ್, ನೆಲ, ವೇಗ ಹೇಳುವ ಒಂದು ತಂತಿ, ವೇಗ ತಿಳಿಸುವ ಇನ್ನೊಂದು. ಇಷ್ಟು ತಿಳಿದಿದ್ದರೆ ಅದು ಯಾರ ಮಾತನ್ನಾದರೂ ಕೇಳುತ್ತದೆ. ಆ ಐದು ತಂತಿಗಳ ವಿವರವನ್ನು ಮೋಟಾರಿನ ಮೇಲೆಯೇ ಅಚ್ಚು ಹಾಕುವ ತಯಾರಕರಿಗೆ ನಾನು ಋಣಿ.

ಯುರೋಪಿನಲ್ಲಿ 2021ರಿಂದ ವಾಷಿಂಗ್ ಮೆಷಿನ್‌ಗಳ ಮುಖ್ಯ ಬಿಡಿಭಾಗಗಳನ್ನು ಹತ್ತು ವರ್ಷ ಒದಗಿಸುವುದು ಕಡ್ಡಾಯ. ಭಾರತ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಎರಡೂ ಒಳ್ಳೆಯವೇ. ಆದರೆ ಇವೆಲ್ಲ ವಾಷಿಂಗ್ ಮೆಷಿನ್ ಮತ್ತೆ ವಾಷಿಂಗ್ ಮೆಷಿನ್ ಆಗುವುದಕ್ಕೆ ಮಾತ್ರ ನೆರವು. 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿಸಿತು, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ. 22.3 ಎನ್ನುತ್ತದೆ ವಿಶ್ವಸಂಸ್ಥೆಯ ವರದಿ. ಇಲ್ಲಿ 2019ರಲ್ಲಿ ದುಬೈ ಇಂಡಸ್ಟ್ರಿಯಲ್ ಸಿಟಿಯಲ್ಲಿ ಎನ್ವಿರೋಸರ್ವ್‌ನ ದೊಡ್ಡ ಘಟಕ ಬಂತು, ಬೆಂಗಳೂರಿನ ಬಳಿ ದಾಬಸ್‌ಪೇಟೆಯಲ್ಲಿ ಇ-ಪರಿಸರ ಅದಕ್ಕೂ ಬಹಳ ಮೊದಲೇ ಶುರುವಾಗಿತ್ತು. ಇವು ಇಲ್ಲದಿದ್ದರೆ ಇನ್ನಷ್ಟು ತಂತಿ ಬಯಲಲ್ಲಿ ಸುಡುತ್ತಿತ್ತು. ಆದರೂ ಭಾರತದಲ್ಲಿ 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ತಯಾರಕರಿಗೆ ಕೊಡುವ ಲೆಕ್ಕದಲ್ಲಿ ಇರುವುದು ಎರಡೇ ದಾರಿ. ವಸ್ತುವನ್ನು ಕರಗಿಸಿ ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ, ಚಿನ್ನ ತೆಗೆದರೆ ಒಂದು ಪ್ರಮಾಣಪತ್ರ, ಇಡೀ ಉಪಕರಣವನ್ನು ರಿಪೇರಿ ಮಾಡಿ ಮತ್ತೆ ಮಾರಿದರೆ ಇನ್ನೊಂದು. ಕೆಟ್ಟ ಮೆಷಿನ್‌ನಿಂದ ಒಳ್ಳೆಯ ಮೋಟಾರನ್ನು ಬಿಡಿಸಿ, ಬೇರಿಂಗ್ ಬದಲಿಸಿ, ತಂತಿಗಳ ಗುರುತು ಬರೆದು, ಪರೀಕ್ಷಿಸಿ ಮಾರುವವನು ಇವೆರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಅವನ ಕೆಲಸಕ್ಕೆ ಲೆಕ್ಕಪುಸ್ತಕದಲ್ಲಿ ಒಂದು ಕಾಲಂ ತೆರೆದರೆ, ಪಿಕಪ್ ಗಾಡಿಯವನು ಓಡುವ ಮೋಟಾರನ್ನು ಸುಟ್ಟದ್ದರಿಂದ ಬೇರ್ಪಡಿಸಿ ಇಡುವುದಕ್ಕೆ ಮೊದಲ ಬಾರಿಗೆ ಒಂದು ಕಾರಣ ಸಿಗುತ್ತದೆ.